ಮೊದಲು ಕೆರೆದುಕೊಂಡವಳು

ಶನಿವಾರ, ಮಾರ್ಚ್ ೧೪

ಪ್ರೀತಿಯ ಗುಬ್ಬಿ,

ನನ್ನ ಅಕ್ಷರ ಕಂಡ ಕೂಡಲೇ ಹರಿದು ಬಿಸಾಡಬೇಡ. ಫೋನಂತೂ ಎತ್ತುತ್ತಿಲ್ಲ; ಹನ್ನೊಂದು ಸಲ ಮಾಡಿದೆ. ಕಾಗದವನ್ನಾದರೂ ಓದು. ಆಮೇಲೆ ಬೈದರೆ ಬೈಸಿಕೊಳ್ಳುತ್ತೇನೆ.

ತಂಗಿ ಅಪರೂಪಕ್ಕೆ ಬಂದಿದ್ದಾಳೆಂದು ಒಂದೇ ಹಾಸಿಗೆಯಲ್ಲಿ ಮಲಗಿಸಿಕೊಂಡು ಹರಟಿದವಳು ನಾನೇ. ಮೂರನೆಯ ದಿನ ನೀನು ಬೆರಳ ಸಂದಿ ಕೆರೆದುಕೊಳ್ಳತೊಡಗಿದಾಗ ಭೂತಗನ್ನಡಿ ಹಿಡಿದು ಕಿಟಕಿಯ ಬಳಿಗೆ ಎಳೆದೊಯ್ದವಳೂ ನಾನೇ. "ಅಕ್ಕಾ, ನಂಗೆ ಹಾಸ್ಟೆಲಲ್ಲಿ ಬಂದಿತ್ತಲ್ಲ, ಅದೇ ಕಜ್ಜಿ. ಆ ತುರಿಕೆ ನಾನು ಮರೆಯೋ ಹಾಗಿಲ್ಲ" ಅಂದೆ. ನನಗೆ ಅಷ್ಟೇ ಸಾಕಾಯಿತು. ಕಳ್ಳನೇ ಬಾಯಿಬಿಟ್ಟ ಹಾಗೆ ಸಂಭ್ರಮಪಟ್ಟೆ. ನಿನ್ನ ತಟ್ಟೆ ಬೇರೆ ಮಾಡಿದೆ, ಕುರ್ಚಿ ಬೇರೆ ಮಾಡಿದೆ, ಬಟ್ಟೆಗಳನ್ನೆಲ್ಲ ದೊಡ್ಡ ಪಾತ್ರೆಯಲ್ಲಿ ಕುದಿಸಿದೆ. ನಿನ್ನ ಹಸಿರು ಸ್ವೆಟರು ಗೊಂಬೆಗೆ ತೊಡಿಸುವಷ್ಟಾಯಿತು. ಎದುರು ಮನೆಯವರು ಏನು ಬೇಯಿಸುತ್ತಿದ್ದೀರಿ ಎಂದು ಕೇಳಿದಾಗ ಅವರಿಗೂ ಎಲ್ಲ ವರದಿ ಒಪ್ಪಿಸಿದೆ. ನೀನು ಒದ್ದೆ ಬಟ್ಟೆಗಳನ್ನು ಚೀಲಕ್ಕೆ ತುರುಕಿಕೊಂಡು ಹೊರಟೆ. ಮೆಟ್ಟಿಲುದ್ದಕ್ಕೂ ಚೀಲದಿಂದ ನೀರು ತೊಟ್ಟಿಕ್ಕಿತ್ತು. ಅದನ್ನೂ ಫಿನಾಯಿಲ್ ಹಾಕಿಯೇ ಒರೆಸಿದೆ.

ಎಂಟು ದಿನ ಕಳೆದಿರಬೇಕು, ನನಗೆ ಶುರುವಾಯಿತು. ಮಣಿಕಟ್ಟು, ಸೊಂಟ, ಬೆರಳ ಸಂದಿ. ದಿನಾ ಬೆಳಿಗ್ಗೆ ಮುನ್ನೂರು ಮಕ್ಕಳ ಉಗುರು ತಪಾಸಣೆ ಮಾಡುವ ಹೆಡ್‌ಮೇಡಂ, ಪ್ರಾರ್ಥನೆಯ ಹೊತ್ತಿನಲ್ಲಿ ಧ್ವಜದ ಕಂಬಕ್ಕೆ ಬೆನ್ನು ಉಜ್ಜುತ್ತ ನಿಂತಿದ್ದೆ. ತಂಗಿ ಕೊಟ್ಟುಹೋದ ಉಡುಗೊರೆ ಎಂದು ಸ್ಟಾಫ್‌ರೂಮಿನಲ್ಲಿ ಸಾರಿದೆ. ಚರ್ಮದ ಡಾಕ್ಟರ ಮುಂದೆಯೂ ಅದನ್ನೇ ಹಾಡಿದೆ.

ಡಾಕ್ಟರಮ್ಮ ನಿನ್ನ ವಯಸ್ಸಿನವರು. ಮಸೂರ ಹಿಡಿದು ಕೈ ನೋಡಿ, ಕಜ್ಜಿ ಹುಳವೇ, ಚರ್ಮದೊಳಗೆ ಸುರಂಗ ತೋಡಿ ಮೊಟ್ಟೆಯಿಟ್ಟಿದೆ ಎಂದರು. ಆಮೇಲೆ ಗೋಡೆಯ ಕ್ಯಾಲೆಂಡರ್ ಇಳಿಸಿ, ತಂಗಿ ಬಂದದ್ದು ಯಾವತ್ತು, ನಿಮಗೆ ಶುರುವಾದದ್ದು ಯಾವತ್ತು ಎಂದು ಕೇಳಿದರು. ಹುಮ್ಮಸ್ಸಿನಿಂದ ತೋರಿಸಿದೆ.

"ದಿನ ಕೂಡಿ ಬರ್ತಿಲ್ವಲ್ಲ ಮೇಡಂ" ಅಂದರು. "ತುರಿಕೆ ಹುಳ ಕಚ್ಚೋದ್ರಿಂದ ಬರೋದಲ್ಲ. ಅದರ ಮೊಟ್ಟೆ, ಹಿಕ್ಕೆ, ಜೊಲ್ಲು ಕಂಡು ನಿಮ್ಮ ಮೈಯೇ ರೇಗುತ್ತೆ, ಆ ರೇಗಾಟಾನೇ ತುರಿಕೆ. ನಿಮಗೆ ಇದೇ ಮೊದಲು ಅಂದ್ರಲ್ಲ, ಮೊದಲ್ನೇ ಸಲ ಆದ್ರೆ, ಇದು ಶತ್ರು ಅಂತ ಮೈಗೆ ಗೊತ್ತಾಗೋಕೇ ನಾಲ್ಕಾರು ವಾರ ಬೇಕು. ಒಂದ್ಸಲ ಬಂದು ಹೋಗಿದ್ರೆ ಮೈ ಅದನ್ನ ನೆನಪಿಟ್ಕೊಂಡಿರುತ್ತೆ. ಅಂಥವರಿಗೆ ಒಂದೆರಡು ದಿನಕ್ಕೇ ಶುರು. ನಿಮ್ಮ ತಂಗೀಗೆ ಮೊದಲೇನಾದ್ರೂ ಬಂದಿತ್ತಾ?"

ಹಾಸ್ಟೆಲಿನಲ್ಲಿ, ಎಂದೆ.

"ಹಾಗಾದ್ರೆ ಅವರು ತಂದಿದ್ದಲ್ಲ. ನೀವು ಕೊಟ್ಟಿದ್ದು."

ಗುಬ್ಬಿ, ಮೂವತ್ತು ವರ್ಷ ಪಾಠ ಹೇಳಿದವಳು ಅಂಥ ಪಾಠ ಎಂದೂ ಹೇಳಿಸಿಕೊಂಡಿರಲಿಲ್ಲ. ನೀನು ಬರುವ ಮೊದಲೇ ಅವು ನನ್ನ ಮೈಯಲ್ಲಿ ಸಂಸಾರ ಹೂಡಿದ್ದವು. ಕಾವಲಿಗಿದ್ದ ನನ್ನ ರಕ್ಷಣಾಪಡೆ ಗೊರಕೆ ಹೊಡೆಯುತ್ತಿತ್ತು. ನಿನ್ನ ಪಡೆ ಹಳೆಯ ವೈರಿಯನ್ನು ಬಾಗಿಲಲ್ಲೇ ಗುರುತು ಹಿಡಿಯಿತು. ಅದಕ್ಕೆ ನಾನು ನಿನ್ನನ್ನು ಓಡಿಸಿದೆ. ತಪ್ಪಾಯಿತು. ಎದುರು ಮನೆಗೂ ಸ್ಟಾಫ್‌ರೂಮಿಗೂ ಹೋಗಿ ನಿಜ ಹೇಳಿದ್ದೇನೆ. ಈಗ ನನ್ನ ಪಕ್ಕ ಯಾರೂ ಕೂರುತ್ತಿಲ್ಲ.

ಇನ್ನೂ ಡಾಕ್ಟರಿಗೆ ತೋರಿಸಿರದಿದ್ದರೆ ಇವತ್ತೇ ಹೋಗು. ನಿನ್ನ ಗಂಡ ತನಗೇನೂ ತುರಿಕೆಯಿಲ್ಲ ಎಂದು ಜಂಭ ಕೊಚ್ಚಿದರೆ ಕಿವಿಗೆ ಹಾಕಿಕೊಳ್ಳಬೇಡ. ನಾನೂ ಹಾಗೇ ಕೊಚ್ಚಿದ್ದೆ. ಮನೆಯವರೆಲ್ಲ ಒಂದೇ ದಿನ ಕುತ್ತಿಗೆಯಿಂದ ಅಂಗಾಲಿನವರೆಗೆ ಮುಲಾಮು ಹಚ್ಚಿಕೊಳ್ಳಬೇಕಂತೆ. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ. ಮೈಯ ಸಿಟ್ಟು ಬೇಗ ಇಳಿಯುವುದಿಲ್ಲವಂತೆ. ನಿನ್ನ ಸಿಟ್ಟೂ ಅಷ್ಟೇ ದಿನ ಇರಲಿ, ಅದಕ್ಕಿಂತ ಹೆಚ್ಚು ಬೇಡ ಕಣೇ.

ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಬಸ್ಸಿನ ಕಂಬಿಯಿಂದ ಇರಬೇಕು.

ಇಂತು,
ಕೆರೆದುಕೊಂಡೇ ಬರೆದ ನಿನ್ನ ಅಕ್ಕ

ಸಹಿ ಹಾಕಿದ ಮೇಲೆ ಬರೆದದ್ದು: ಬಸ್ಸಿನ ಕಂಬಿ ಎಂದದ್ದು ಸುಳ್ಳು. ಡಾಕ್ಟರಮ್ಮನಿಗೂ ಅದನ್ನೇ ಹೇಳಿದ್ದೆ. "ಕಂಬಿ ಹಿಡಿದ್ರೆಲ್ಲ ಬರಲ್ಲ ಮೇಡಂ. ಯಾರದಾದ್ರೂ ಕೈ ತುಂಬಾ ಹೊತ್ತು ಹಿಡ್ಕೊಂಡು ಕೂತಿದ್ರಾ?" ಎಂದರು. ಕೂತಿದ್ದೆ. ಲೈಬ್ರರಿಯ ಪಕ್ಕದ ಗಡಿಯಾರ ರಿಪೇರಿಯವರ ಜೊತೆ, ಮೂರು ತಿಂಗಳಿಂದ, ಮಂಗಳವಾರ ಮತ್ತು ಶುಕ್ರವಾರ ಸಂಜೆ, ಪಾರ್ಕಿನ ಬೆಂಚಿನ ಮೇಲೆ. ನೀನು ಬಂದಾಗಲೇ ಹೇಳಬೇಕೆಂದಿದ್ದೆ. ಐವತ್ತೆರಡನೆಯ ವಯಸ್ಸಿನಲ್ಲಿ ಬಾಯಿ ಬರಲಿಲ್ಲ. ಅವರಿಗೂ ಔಷಧ ಆಯಿತು. ಆದರೆ ಇಬ್ಬರಿಗೂ ಬೆನ್ನಿಗೆ ಕೈ ಎಟುಕುವುದಿಲ್ಲ, ಹಚ್ಚಿಕೊಡುವವರು ಮನೆಯಲ್ಲಿಲ್ಲ. ಹಾಗಾಗಿ ಮುಂದಿನ ತಿಂಗಳು ಮದುವೆಯಾಗುತ್ತಿದ್ದೇವೆ. ರಿಜಿಸ್ಟರಿನಲ್ಲಿ ನನ್ನ ಕಡೆಯ ಸಾಕ್ಷಿ ನೀನೇ ಆಗಬೇಕು.