ಮುಖ ತೋರದ ದೆವ್ವ

ಕೇಶ್ವಾಪುರ, ಹುಬ್ಬಳ್ಳಿ
೧೯ ನವೆಂಬರ್ ೨೦೨೪

ಮಗಳೇ ಸುಮಲತಾ,

ಶಿರಗುಪ್ಪಿಯಲ್ಲಿ ನೀನೂ ಅಳಿಯಂದಿರೂ ಆರಾಮ ಇದ್ದೀರೆಂದು ನಂಬಿದ್ದೇನೆ. ನೀನು ಮೂರು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ. ಸಿಟ್ಟಾಗಬೇಡ. ಬಾಯಿಬಿಟ್ಟು ಹೇಳಲು ಧೈರ್ಯ ಸಾಲಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪೇಪರಿನಲ್ಲಿ ನನ್ನ ಫೋಟೋ ನೋಡಿ ನಿನ್ನ ಅತ್ತೆ ಕೇಳಿದರಂತೆ. ಹೌದು, ಅದು ನಾನೇ. ನಿರ್ದೇಶಕ ಅರ್ಜುನಪ್ಪನವರ ಸಿನಿಮಾದಲ್ಲಿ ಓಡಾಡಿದ ದೆವ್ವವೂ ನಾನೇ.

ಆಗ ನಾನು ಗಿರಣಿಯಲ್ಲಿ ಹತ್ತಿ ಹಸನು ಮಾಡುತ್ತಿದ್ದೆ. ಅವರು ಅಲ್ಲೇ ಶೂಟಿಂಗ್ ನಡೆಸಿದರು. ದೆವ್ವವಾಗಲು ದೊಡ್ಡ ಮನೆತನದ ಹೆಣ್ಣುಮಕ್ಕಳು ಒಪ್ಪಲಿಲ್ಲ. ನಮ್ಮ ಕೇರಿಯವಳಾದರೆ ನಡೆಯುತ್ತದೆ! ಬೆನ್ನ ಹಿಂದೆ ಕಂದೀಲು, ಗೋಡೆಯ ಮೇಲೆ ನನ್ನ ನೆರಳು, ಗಾಳಿಯಲ್ಲಿ ತೇಲುವ ಹತ್ತಿ. ಕಿರುಚಾಟವಿಲ್ಲ, ರಕ್ತವಿಲ್ಲ. ಖಾಲಿ ಜೋಕಾಲಿ ತೂಗಿದರೆ ಸಾಕು, ಟಾಕೀಸಿನಲ್ಲಿ ಗಂಡಸರು ಕಾಲು ಮೇಲೆತ್ತಿ ಕೂರುತ್ತಿದ್ದರು.

ಮೊನ್ನೆ ಧಾರವಾಡದಲ್ಲಿ ಅದೇ ಸಿನಿಮಾ ತೋರಿಸಿ ಅವರಿಗೆ ಸನ್ಮಾನ ಮಾಡಿದರು. ಪರದೆಯ ಮೇಲೆ ಜೋಕಾಲಿ ಕೊಟ್ಟವರ ಹೆಸರೂ ಬಂತು. ನನ್ನದಿಲ್ಲ. ಆಮೇಲೆ ಒಬ್ಬ ಪ್ರೊಫೆಸರ್, "ದೆವ್ವದ ಮಾರಿ ತೋರಿಸದ ಇರೂದ ಇವರ ಶೈಲಿರಿ. ಇವತ್ತಿಗೂ ಎಲ್ಲಾರೂ ಅದನ್ನ ಕಾಪಿ ಹೊಡ್ಯಾಕತ್ತಾರ" ಎಂದ. ಮುಷ್ಕರದಲ್ಲಿ ಗಿರಣಿ ಬಾಗಿಲಿಗೆ ನಿಂತು ಘೋಷಣೆ ಕೂಗಿದ ಗಂಟಲು ಸುಮ್ಮನಿರುತ್ತದೆಯೇ? ಎದ್ದು ನಿಂತೆ.

"ಆ ದೆವ್ವ ನಾನರಿ! ನಮ್ಮ ಕೇರಿ ಹೆಣ್ಮಗಳ ಮಾರಿ ಇವರಿಗೆ ಬ್ಯಾಡಾಗಿತ್ತು. ಅದಕ್ಕ ಶೈಲಿ ಅಂತೀರೇನು?"

ಸಭೆ ಚಪ್ಪಾಳೆ ತಟ್ಟಿತು. ಹುಡುಗರು ಧಿಕ್ಕಾರ ಕೂಗಿದರು. ತೊಂಬತ್ತರ ಮುದುಕ ಅರ್ಜುನಪ್ಪನವರು ಹೊದಿಸಿದ ಶಾಲನ್ನು ತಾವೇ ತೆಗೆದು ಮಡಚಿ ಕುರ್ಚಿಯ ಮೇಲಿಟ್ಟರು. ಹೊರಡುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ದುರ್ಗವ್ವಾ, ಮಗಳು ಛಲೋ ಅದಾಳಲ್ಲಾ? ಇದರಿಂದ ಆಕಿ ಮನ್ಯಾಗೇನೂ ತ್ರಾಸ ಆಗೂದಿಲ್ಲಲ್ಲ?"

ನಿನ್ನ ಸಂಸಾರ ತಣ್ಣಗಿರಲಿ, ಮಗಳೇ. ಯಾರೆದುರೂ ತಲೆ ತಗ್ಗಿಸದೆ ಬಾಳು.

ನಿನ್ನ ಅವ್ವ,
ದುರ್ಗಾ

ತಾ.ಕ.: ಮುಖ ತೋರಿಸಲೆಂದೇ ಅವರು ಕ್ಯಾಮೆರಾ ಇಟ್ಟಿದ್ದರು. ಬೇಡವೆಂದವಳು ನಾನು. ನೀನಾಗ ತೊಟ್ಟಿಲಲ್ಲಿದ್ದೆ. "ದೆವ್ವ ಆದಾಕಿ ಮಗಳನ್ನ ನಾಳೆ ಯಾರು ಮಾಡ್ಕೋತಾರ್ರಿ? ನನ್ನ ಮಾರೀನೂ ಬ್ಯಾಡ, ಹೆಸರೂ ಬ್ಯಾಡ" ಎಂದು ನಿನ್ನ ತಲೆಯ ಮೇಲೆ ಅವರ ಕೈಯಿಡಿಸಿ ಆಣೆ ಹಾಕಿಸಿಕೊಂಡಿದ್ದೆ. ಸಭೆಯಲ್ಲಿ ಅದು ಮರೆತಿತ್ತು ಅನ್ನಲಾರೆ. ನೆನಪಿತ್ತು. ನಾನು ಆ ಆಣೆ ಕೇಳುವಂತೆ ಮಾಡಿದ ಊರಿನ ಮೇಲಿನ ಸಿಟ್ಟನ್ನು ಅವರ ಮೇಲೆ ಕಾರಿದೆ. ಅವರು ಅಲ್ಲಿಯೂ ಆಣೆ ಮುರಿಯಲಿಲ್ಲ. ಭಾನುವಾರ ಕೆಲಗೇರಿಯ ಅವರ ಮನೆಗೆ ಹೋಗುತ್ತೇನೆ. ನೀನೂ ಬಾ. ಯಾರ ತಲೆಯ ಮೇಲೆ ಕೈಯಿಟ್ಟರೋ ಅವಳೇ ಬಂದು, ಸಾಕು ಬಿಡ್ರಿ ಎನ್ನಬೇಕು.