ಹಗುರವಾದ ಬ್ಯಾಟರಿ

ರೀ,

ಚಿಕ್ಕಂದಿನಲ್ಲಿ ಅಪ್ಪ ರೈಲ್ವೆಯ ಬ್ಯಾಟರಿ ರಿಪೇರಿ ಕೆಲಸ ಮುಗಿಸಿ ಬಂದರೆ ಅವರ ಖಾಕಿ ಅಂಗಿಗೆ ಬ್ಯಾಟರಿ ಆಸಿಡ್ಡಿನ ಹುಳಿ ವಾಸನೆ ಇರುತ್ತಿತ್ತು. ನಿನ್ನೆ ನನ್ನ ಒಣಗಿದ ಕರಿಬೇವಿನ ಬುಡ ಕೆದಕಿದಾಗ ಅದೇ ವಾಸನೆ. ‘ಹುಳ ಬಿದ್ದಿದೆ ಕಣೇ’ ಅಂದಿರಲ್ಲ? ಮೋಟಾರ್ ಸೈಕಲ್ಲಿಗೆ ಲಿಥಿಯಂ ಬ್ಯಾಟರಿ ಹಾಕುವ ಸಂಭ್ರಮದಲ್ಲಿ ಹಳೆಯದರ ಆಸಿಡ್ ಅಲ್ಲಿ ಸುರಿದವರು ನೀವೇ.

‘ಎಷ್ಟು ಹಗುರ ನೋಡಿ, ನಮ್ಮ ರಮಾ ಕೂಡ ಒಂದೇ ಕೈಯಲ್ಲಿ ಎತ್ತಬಹುದು’ ಎಂದು ಬಂದವರಿಗೆಲ್ಲ ಹೇಳಿದಿರಿ. ಎತ್ತಿದೆ. ಅಪ್ಪ ಕಲಿಸಿದ ಹಾಗೆ ಮೈನಸ್ ತಂತಿ ಮೊದಲು ಬಿಚ್ಚಿದೆ. ಈಗ ಆ ಬ್ಯಾಟರಿ ನನ್ನ ಚೀಲದಲ್ಲಿ, ಕನ್ನಡಕದ ಡಬ್ಬಿಯ ಪಕ್ಕದಲ್ಲಿ, ಕ್ರೋಂಪೇಟೆಗೆ ತಂಗಿ ವೃಂದಾಳ ಮನೆಗೆ ಹೊರಟಿದೆ. ಇವತ್ತಿನ ಮಹಾಬಲಿಪುರದ ಸವಾರಿಗೆ ಯಾವ ಗೆಳೆಯನ ಹಿಂದಾದರೂ ಕುಳಿತು ಹೋಗಿ.

ರಾತ್ರಿ ಕೇಳದೆಯೇ ನನ್ನ ಮಂಡಿಗೆ ಎಣ್ಣೆ ತಿಕ್ಕಿದಿರಿ. ಅದಕ್ಕೆ ಫ್ಲಾಸ್ಕಿನಲ್ಲಿ ಕಾಫಿ ಇಟ್ಟಿದ್ದೇನೆ. ಬ್ಯಾಟರಿ ಬೇಕಿದ್ದರೆ ಹೊಸ ಮಣ್ಣು ಹಾಕಿ, ಸಸಿ ನೆಟ್ಟು, ಆಮೇಲೆ ಫೋನ್ ಮಾಡಿ.

ಹಿಂದೆ ಕೂರಲು ಮಾನ ಅಡ್ಡ ಬಂದರೆ ಮನೆಯಲ್ಲೇ ಇರಿ. ಮಧ್ಯಾಹ್ನ ಕೆಳಗಿನ ಮನೆಯ ಮಾಧವಿ ಊಟ ತಂದು ಕೈಗೆ ಕೊಡುತ್ತಾಳೆ. ಅವಳು ಏನೂ ಕೇಳುವುದಿಲ್ಲ, ಎಲ್ಲ ಹೇಳಿದ್ದೇನೆ. ಸಾರಿಗೂ ಪಲ್ಯಕ್ಕೂ ಮಜ್ಜಿಗೆಗೂ ಒಂದು ಎಸಳೂ ಕರಿಬೇವು ಹಾಕಬೇಡ ಎಂದೂ ಹೇಳಿದ್ದೇನೆ.