ಅಪೊಲೋನಿಯಾಬಾಯಿಯ ಮಲ್ಲಿಗೆ ಫೋಟೋ ಎಲ್ಲಿದೆ?

ಮಾನ್ಯರೇ,

ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಮಾತ್ರ ಸ್ವೀಕರಿಸಲಾಗುವುದು ಎಂದು ಪ್ರಕಟಣೆ ಹೊರಡಿಸಿದವರು ನೀವು, ಮಲ್ಲಿಗೆ ತೋಟಗಳ ಸ್ಪರ್ಧೆಯ ಜಾಲತಾಣದ ಹೊಣೆ ಹೊತ್ತವರೂ ನೀವೇ. ನಿಮ್ಮ ಹೆಸರು ನನಗೆ ಗೊತ್ತಿದೆ, ಆದರೆ ಬರೆಯುವುದಿಲ್ಲ. ಒಬ್ಬರ ಹೆಸರು ಇನ್ನೊಬ್ಬರ ವಸ್ತುವಿನ ಮೇಲೆ ಹೋಗಿ ಕೂತರೆ ಎಷ್ಟು ಉರಿಯುತ್ತದೆ ಎಂಬುದು ನನಗೆ ಈಗ ಚೆನ್ನಾಗಿ ತಿಳಿದಿರುವುದರಿಂದ ಹೆಸರುಗಳ ವಿಷಯದಲ್ಲಿ ಜಾಗ್ರತೆಯಾಗಿದ್ದೇನೆ. ವಿಷಯ ಇಷ್ಟು: ನಾನು ಬೆಳೆಸಿದ ಮಲ್ಲಿಗೆ ಗಿಡದ ಫೋಟೋವನ್ನು ನಿಮ್ಮ ಜಾಲತಾಣ ನನ್ನ ನೆರೆಮನೆಯ ಅಪೊಲೋನಿಯಾಬಾಯಿಗೆ ಕೊಟ್ಟುಬಿಟ್ಟಿತು. ಆ ಫೋಟೋಗೆ ಮೊದಲ ಬಹುಮಾನ ಬಂತು. ನನಗೆ ಬಂದದ್ದು, ನೀವು ಬೇರೆಯವರ ಫೋಟೋ ಕದ್ದು ಹಾಕಿದ್ದೀರಿ ಎಂಬ ಸಂದೇಶ.

ಮುಂದೆ ಬರೆಯುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರು ಹೇಳುವುದು ಬೇಡ. ಅಪೊಲೋನಿಯಾಬಾಯಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇಂದು ನಿನ್ನೆಯದಲ್ಲ, ನಾನು ಮದುವೆಯಾಗಿ ಕಾಪುವಿನ ಹತ್ತಿರದ ಈ ಊರಿಗೆ ಬಂದಂದಿನಿಂದಲೂ ಇರುವಂಥದ್ದು. ನಮ್ಮ ಎರಡು ತೋಟಗಳ ನಡುವೆ ಇರುವುದು ಒಂದು ಗೋಡೆ ಮಾತ್ರ. ಮಣ್ಣು ಒಂದೇ, ನೀರು ಒಂದೇ, ಸೆಗಣಿ ತರುವುದೂ ಒಂದೇ ಕೊಟ್ಟಿಗೆಯಿಂದ. ಆದರೂ ಹೂವು ಒಯ್ಯಲು ಬರುವ ಬೂಬ ಮೊದಲು ಸ್ಕೂಟರ್ ನಿಲ್ಲಿಸುವುದು ಅವರ ಗೇಟಿನ ಮುಂದೆ. ಹಬ್ಬದ ದಿನ ಇಗರ್ಜಿಯಲ್ಲಿ ಮರಿಯಮ್ಮನ ಕೊರಳಿಗೆ ಬೀಳುವುದು ಅವರ ಮನೆಯ ಮಲ್ಲಿಗೆ. ಈ ಹೊಟ್ಟೆಕಿಚ್ಚನ್ನು ಪಾಪನಿವೇದನೆಯಲ್ಲಿ ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನಾನು ಬಾಯಿ ತೆರೆಯುವ ಮೊದಲೇ ಫಾದರ್ ಪ್ರಾಯಶ್ಚಿತ್ತ ಕೊಟ್ಟು ಕಳುಹಿಸುತ್ತಾರೆ. ಹೀಗಿರುವಾಗ, ಗೆದ್ದ ತೋಟದ ಫೋಟೋವನ್ನು ದೊಡ್ಡದು ಮಾಡಿ ಉಡುಪಿಯ ಫಲಪುಷ್ಪ ಪ್ರದರ್ಶನದ ಬಾಗಿಲಲ್ಲೇ ತೂಗುಹಾಕಿ, ಕೆಳಗೆ ಬೆಳೆದವರ ಹೆಸರು ಬರೆಯುತ್ತೇವೆ ಎಂದು ನೀವು ಪ್ರಕಟಿಸಿದರೆ ನಾನು ಸುಮ್ಮನಿರುತ್ತೇನೆಯೇ? ನನಗೆ ಬೇಕಾದದ್ದು ಆ ಹೆಸರು ಒಂದೇ. ಊರಿನವರೆಲ್ಲ ಆ ಬಾಗಿಲಿನಿಂದಲೇ ಒಳಗೆ ಹೋಗಬೇಕು, ಅಪೊಲೋನಿಯಾಬಾಯಿಯೂ ಹೋಗಬೇಕು, ಹೋಗುವಾಗ ತಲೆ ಎತ್ತಿ ಓದಬೇಕು.

ನಿಮ್ಮ ನಿಯಮಗಳನ್ನು ಬರೆದವರು ಮಲ್ಲಿಗೆಯನ್ನು ದೇವರ ಫೋಟೋದ ಮೇಲೆ ಮಾತ್ರ ನೋಡಿದವರಿರಬೇಕು. ಹೂವಿರುವ ಗಿಡವನ್ನು ಹಗಲು ಬೆಳಕಿನಲ್ಲಿ ತೆಗೆದ ಫೋಟೋ ಬೇಕು ಎಂದು ಬರೆದಿದ್ದೀರಿ. ಸ್ವಾಮೀ, ನಮ್ಮಲ್ಲಿ ಮಲ್ಲಿಗೆ ಗಿಡದ ಮೇಲೆ ಅರಳುವುದನ್ನು ಯಾರೂ ನೋಡುವುದಿಲ್ಲ. ಮೊಗ್ಗಿರುವಾಗಲೇ, ಬೆಳಕು ಹರಿಯುವ ಮೊದಲೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕಳುಹಿಸಿ ಆಗಿರುತ್ತದೆ. ಬಿಸಿಲು ಬರುವ ಹೊತ್ತಿಗೆ ಗಿಡದಲ್ಲಿ ಉಳಿಯುವುದು ಎಲೆ ಮಾತ್ರ. ನಿಮಗೆ ಹೂವು ತೋರಿಸಬೇಕಾದರೆ ಒಂದು ಗಿಡವನ್ನು ಕೊಯ್ಯದೆ ಬಿಡಬೇಕು. ಅದೂ ಬೇಸಿಗೆಯಲ್ಲಿ, ಹೂವಿಗೆ ಬೆಲೆ ಏರುವ ಮದುವೆಗಳ ಕಾಲದಲ್ಲಿ.

ನನ್ನ ಗಂಡ ಪಾಸ್ಕಲ್ ತಲೆಯ ಮೇಲೆ ಕೈಹೊತ್ತು ಕೂತರು. “ಹೂವನ್ನು ಗಿಡದಲ್ಲೇ ಬಿಡುವುದಾ? ಎಂತ ಮರುಳು ಮಾರಾಯ್ತಿ ನಿನಗೆ?”

ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ, ಇಷ್ಟು ವರ್ಷ ನನ್ನ ಕೈಯಲ್ಲೇ ಬೆಳೆದ ಗಿಡ ನನಗೇ ಗುರುತು ಸಿಗಲಿಲ್ಲ. ಎಲೆಗಿಂತ ಹೂವೇ ಹೆಚ್ಚು. ಫೋಟೋ ತೆಗೆದೆ. ಆ ದಿನ ಹೂವು ಒಯ್ಯಲು ಬಂದ ಬೂಬನೇ ಸುದ್ದಿ ತಂದ, ಅಪೊಲೋನಿಯಾಬಾಯಿಯೂ ಒಂದು ಗಿಡ ಕೊಯ್ಯದೆ ಬಿಟ್ಟಿದ್ದಾರೆ ಎಂದು. ಗೋಡೆಯ ಹತ್ತಿರ ಹೋಗಿ ಇಣುಕಿದೆ. ಆ ಗಿಡದ ಮುಂದೆ ಅವರು ಹಳೆಯ ಬೆಡ್‌ಶೀಟ್ ಕಟ್ಟಿದ್ದರು. ಬಿಸಿಲಿಗೆ ಎಂದು ಬೂಬ ಹೇಳಿದ. ಬಿಸಿಲು ಬರುವುದು ಮೂಡುದಿಕ್ಕಿನಿಂದ, ಬೆಡ್‌ಶೀಟ್ ಇದ್ದದ್ದು ನನ್ನ ಮನೆಯ ದಿಕ್ಕಿಗೆ. ಆ ಗಿಡ ಹೇಗಿತ್ತೆಂದು ನಾನು ನೋಡಲೇ ಇಲ್ಲ. ಈ ಮಾತನ್ನು ದಯವಿಟ್ಟು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಎರಡು ದಿನ ಬಿಟ್ಟು, ಕಾಪು ಪೇಟೆಯಲ್ಲಿ ಆನ್‌ಲೈನ್ ಕೆಲಸ ಮಾಡಿಕೊಡುವ ಪ್ರಣೀತಾಳ ಅಂಗಡಿಗೆ ಹೋದೆ. ಅಪೊಲೋನಿಯಾಬಾಯಿ ಹಿಂದಿನ ದಿನವೇ ಬಂದು ಹೋಗಿದ್ದಾರೆ ಎಂದು ಗೊತ್ತಾಗಿ ಅಲ್ಲೂ ಒಮ್ಮೆ ಹೊಟ್ಟೆ ಉರಿಯಿತು. ಪ್ರಣೀತಾ ನನ್ನ ಫೋಟೋವನ್ನು ನಿಮ್ಮ ಜಾಲತಾಣಕ್ಕೆ ಏರಿಸಿದಳು. ಗಾತ್ರ ಹೆಚ್ಚಾಯಿತು ಎಂದು ಅದು ತಿರುಗಿ ಕಳುಹಿಸಿತು. ಕುಗ್ಗಿಸಿದಳು. ಇನ್ನೂ ಹೆಚ್ಚು ಎಂದಿತು. ಮತ್ತೆ ಕುಗ್ಗಿಸಿದಳು. ನನ್ನ ಗಿಡ ಅಂಚೆಚೀಟಿಯಷ್ಟಾದ ಮೇಲೆ ಕಡತದ ಹೆಸರು ಸರಿಯಿಲ್ಲ ಎಂದಿತು.

“ಬೆಳೆಯ ಹೆಸರು, ಊರಿನ ಹೆಸರು, ಎರಡೇ ಇರಬೇಕಂತೆ ಬಾಯಮ್ಮ,” ಎಂದಳು ಪ್ರಣೀತಾ. “ನಿಮ್ಮ ಹೆಸರು ಹಾಕ್ಲಿಕ್ಕೆ ಬಿಡುವುದಿಲ್ಲ ಇದು.”

“ನನ್ನ ಹೆಸರು ಇಲ್ಲದಿದ್ದರೆ ನನ್ನದು ಅಂತ ಅವರಿಗೆ ಹೇಗೆ ಗೊತ್ತಾಗುವುದು?”

“ಅರ್ಜಿಯಲ್ಲಿ ಉಂಟಲ್ಲ ನಿಮ್ಮ ಹೆಸರು. ಅವರು ನೋಡಿಕೊಳ್ತಾರೆ.”

ನೀವು ನೋಡಿಕೊಳ್ಳುತ್ತೀರಿ ಎಂದು ಅವಳೂ ನಂಬಿದಳು, ನಾನೂ ನಂಬಿದೆ. ಕಡತ ಯಶಸ್ವಿಯಾಗಿ ಸೇರಿದೆ ಎಂದು ಹಸಿರು ಅಕ್ಷರದಲ್ಲಿ ಬಂತು. ಮಲ್ಲಿಗೆ ಬಿಟ್ಟರೆ ಬೇರೆ ಬೆಳೆಯೇ ಗೊತ್ತಿಲ್ಲದ ಊರಿನವರಿಗೆ, ಕಡತಕ್ಕೆ ಬೆಳೆಯ ಹೆಸರು ಮತ್ತು ಊರಿನ ಹೆಸರು ಮಾತ್ರ ಇಡಿ ಎಂದು ಹೇಳಿದ ಬುದ್ಧಿವಂತರು ಯಾರು? ನಮ್ಮ ಊರಿನ ಮಕ್ಕಳಿಗೆಲ್ಲ ಒಂದೇ ಹೆಸರಿಟ್ಟು ಶಾಲೆಗೆ ಕಳುಹಿಸಿದರೆ ಮೇಷ್ಟ್ರು ಸುಮ್ಮನೆ ಹಾಜರಿ ಹಾಕುತ್ತಾರೆಯೇ? ಪುಣ್ಯಕ್ಕೆ ನಮ್ಮ ಊರಿನಿಂದ ಅರ್ಜಿ ಹಾಕಿದ್ದು ನಾವಿಬ್ಬರೇ. ಉಳಿದವರು ಗಾತ್ರ ಕುಗ್ಗಿಸುವಲ್ಲೇ ಸುಸ್ತಾಗಿ ಮನೆಗೆ ಹೋಗಿದ್ದರು.

ಕ್ರಿಸ್ಮಸ್ಸಿಗೆಂದು ಒಂದು ವಾರ ಮೊದಲೇ ನಾನು ಕಿಡಿಯೊ ತಿಂಡಿ ಕರಿಯುತ್ತಿರುವಾಗ ಮೊಬೈಲಿಗೆ ನಿಮ್ಮ ಸಂದೇಶ ಬಂತು. ಬೇರೊಬ್ಬ ಅರ್ಜಿದಾರರ ಛಾಯಾಚಿತ್ರವನ್ನು ನಕಲು ಮಾಡಿರುವುದರಿಂದ ನಿಮ್ಮ ಅರ್ಜಿ ತಿರಸ್ಕೃತ. ಬಾಣಲೆಯಲ್ಲಿದ್ದದ್ದೆಲ್ಲ ಕರಟಿತು. ಅದೇ ಸಂಜೆ ಅಪೊಲೋನಿಯಾಬಾಯಿಗೆ ಮೊದಲ ಬಹುಮಾನ ಎಂಬ ಸುದ್ದಿಯೂ ಬಂತು. ಮರುದಿನವೇ ಬಸ್ಸು ಹಿಡಿದು ಮಣಿಪಾಲದ ನಿಮ್ಮ ಕಚೇರಿಗೆ ಬಂದೆ. ಕಿಟಕಿಯ ಹಿಂದಿದ್ದವರು ಪರದೆ ನೋಡಿ ಹೇಳಿದರು, ಎರಡೂ ಅರ್ಜಿಗಳಲ್ಲಿ ಇರುವುದು ಒಂದೇ ಫೋಟೋ, ಮೊದಲು ಸಲ್ಲಿಸಿದವರು ಅವರು, ಆದ್ದರಿಂದ ಕದ್ದವರು ನೀವು. ಆ ಫೋಟೋವನ್ನು ನನಗೊಮ್ಮೆ ತೋರಿಸಿ ಎಂದು ಕೇಳಿದೆ. ಅದು ಗೌಪ್ಯ ಎಂದರು. ಪ್ರದರ್ಶನದ ಬಾಗಿಲಲ್ಲಿ ತೂಗುಹಾಕಲಿರುವ ಗೌಪ್ಯ.

ಪ್ರದರ್ಶನಕ್ಕೆ ನಾನು ಹೋದದ್ದು ಹೂವು ನೋಡಲಿಕ್ಕಲ್ಲ, ತಪ್ಪು ಹುಡುಕಲಿಕ್ಕೆ. ಮೇಲೆ ನೋಡಿದೆ. ಅಂಚೆಚೀಟಿಯಷ್ಟು ಮಾಡಿಸಿದ್ದ ಫೋಟೋವನ್ನು ನೀವು ಬಾಗಿಲಿನಷ್ಟು ಎಳೆದು ಹಿಗ್ಗಿಸಿದ್ದಿರಿ. ಹೂವೆಲ್ಲ ಕಲಸಿಹೋಗಿ ಮೊಸರು ಚೆಲ್ಲಿದಂತೆ ಕಾಣುತ್ತಿತ್ತು. ಆದರೂ ಆ ಗಿಡ, ಅಬ್ಬ, ಅಂಥ ಗಿಡ. ಕೊಂಬೆ ಕಾಣದಷ್ಟು ಹೂವು. ಕೆಳಗೆ ಅಪೊಲೋನಿಯಾಬಾಯಿಯ ಹೆಸರು, ನಮ್ಮ ಊರು. ಎದೆಯೊಳಗೆ ಕೆಂಡ ಇಟ್ಟಂತಾಯಿತು. ಇಂಥ ಗಿಡ ನನ್ನ ತೋಟದಲ್ಲಿ ಯಾವ ಕಾಲಕ್ಕೂ ಆಗುವುದಿಲ್ಲ ಎಂದು ಅನಿಸಿ ಕಣ್ಣಲ್ಲಿ ನೀರು ಬಂತು. “ಏನೋ ಔಷಧಿ ಹೊಡೆದಿದ್ದಾಳೆ, ನೋಡಿ,” ಎಂದು ಪಾಸ್ಕಲ್‌ಗೆ ಹೇಳಿದೆ.

ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. “ಅದು ನಮ್ಮ ಬಕೆಟ್ ಅಲ್ವಾ?” ಎಂದರು.

ಮೂಲೆಯಲ್ಲಿ, ಬಾವಿಕಟ್ಟೆಯ ಮೇಲೆ, ಹಿಡಿ ತುಂಡಾಗಿ ನಾನೇ ತಂತಿ ಕಟ್ಟಿದ ಹಸಿರು ಬಕೆಟ್. ಅಧಿಕಾರಿಗಳೇ, ನಾನು ನನ್ನದೇ ಗಿಡದ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡು ಅತ್ತಿದ್ದೆ. ಇಷ್ಟೆಲ್ಲ ವರ್ಷ ಬೇರೆಯವರ ಹೂವು ನೋಡಿ ಉರಿದವಳಿಗೆ, ತನ್ನದೇ ಹೂವು ನೋಡಿ ಉರಿಯುವ ಸೌಲಭ್ಯವನ್ನು ಒದಗಿಸಿಕೊಟ್ಟದ್ದಕ್ಕೆ ನಿಮ್ಮ ಇಲಾಖೆಗೆ ಏನೆಂದು ಕೃತಜ್ಞತೆ ಹೇಳಲಿ?

ಅಪೊಲೋನಿಯಾಬಾಯಿ ಅಲ್ಲೇ ಕಂಬದ ಹತ್ತಿರ ನಿಂತಿದ್ದರು. ಗೆದ್ದವರ ಮುಖ ಅವರದ್ದಾಗಿರಲಿಲ್ಲ. ನಾನು ಜಗಳಕ್ಕೆ ಬಾಯಿ ತೆರೆಯುವ ಮೊದಲೇ ಅವರು ತೆರೆದರು.

“ಇದು ನಿನ್ನ ಗಿಡ ಅಂತ ನೋಡಿದ ಕೂಡಲೇ ಗೊತ್ತಾಯಿತು ಸಿಸಿಲ್. ಆ ಬಕೆಟ್ ನಾನು ನೋಡದ್ದಾ? ನೀನು ಪ್ರಣೀತಾಗೆ ಹೇಳಿ ನನ್ನ ಫೋಟೋ ತೆಗೆಸಿ ನಿನ್ನದು ಹಾಕಿಸಿದೆ ಅಂತ ಎಣಿಸಿದೆ.”

“ನಿನಗೆ ಬಹುಮಾನ ಬರಲಿ ಅಂತ ನಾನು ನನ್ನ ಫೋಟೋ ಹಾಕಿಸುವುದಾ?”

“ಅದೇ ನನಗೂ ಅರ್ಥ ಆಗ್ಲಿಲ್ಲ,” ಎಂದರು ಅವರು. ಮತ್ತೆ ಮೆಲ್ಲಗೆ, “ಹಾಗಾದರೆ ನನ್ನ ಫೋಟೋ ಎಲ್ಲಿ ಹೋಯಿತು?” ಎಂದು ಕೇಳಿದರು.

ಅದಕ್ಕೆ ಉತ್ತರ ಹೇಳಿದವಳು ನನ್ನ ತಂಗಿಯ ಮಗಳು ಮೆಲಿಷಾ. ಕಾರ್ಕಳದಲ್ಲಿ ಮನೆ, ನಿಟ್ಟೆಯಲ್ಲಿ ಕಂಪ್ಯೂಟರ್ ಪಾಠ ಮಾಡುವವಳು, ಪ್ರದರ್ಶನ ನೋಡಲು ಅವಳೂ ಬಂದಿದ್ದಳು. ನಮ್ಮಿಬ್ಬರ ಕಡತಗಳಿಗೂ ಒಂದೇ ಹೆಸರು ಎಂದು ಕೇಳಿದೊಡನೆ ಅವಳು ಹಣೆ ಚಚ್ಚಿಕೊಂಡಳು. ನಿಮ್ಮ ಯಂತ್ರ ಬಂದ ಕಡತವನ್ನು ಅದೇ ಹೆಸರಿನಲ್ಲಿ ಎತ್ತಿಡುತ್ತದಂತೆ. ಮೊದಲು ಬಂದದ್ದು ಅಪೊಲೋನಿಯಾಬಾಯಿಯ ಫೋಟೋ. ಮರುದಿನ ಅದೇ ಹೆಸರಿನಲ್ಲಿ ನನ್ನದು ಬಂದಾಗ, ಅವರದ್ದನ್ನು ಅಳಿಸಿ ಆ ಜಾಗದಲ್ಲಿ ನನ್ನದನ್ನು ಇಟ್ಟಿತು. ಆಮೇಲೆ ಯಾರು ಯಾರ ಅರ್ಜಿ ತೆರೆದರೂ ಕಾಣುವುದು ನನ್ನ ಗಿಡವೇ.

“ಒಳಗೆ ಬಂದ ಪ್ರತಿ ಕಡತಕ್ಕೂ ಬೇರೆ ಬೇರೆ ಗುರುತು ಕೊಟ್ಟು ಇಡಬೇಕು ಮಾವ್ಶಿ, ಜನ ಎಂತ ಹೆಸರು ಬೇಕಾದರೂ ಇಡಲಿ,” ಎಂದಳು ಮೆಲಿಷಾ. “ಇದು ನಾವು ಮಕ್ಕಳಿಗೆ ಮೊದಲೇ ಹೇಳಿಕೊಡುವ ಪಾಠ.”

ಪಾಠ ಬೇಡ, ಊರಿನ ಹೂವೆಲ್ಲ ಮಾರಾಟಕ್ಕೆ ಬಂದು ಸೇರುವ ನಮ್ಮ ಹೂವಿನ ಕಟ್ಟೆಗೆ ಒಂದು ಬೆಳಿಗ್ಗೆ ಬನ್ನಿ. ಎಲ್ಲ ಮನೆಯ ಹೂವೂ ಮಲ್ಲಿಗೆಯೇ, ಎಲ್ಲವೂ ಬಿಳಿಯೇ. ಆದರೂ ಪ್ರತಿ ಮನೆಯ ಕಟ್ಟಿಗೂ ಬೇರೆ ಗುರುತು ಇರುತ್ತದೆ. ಒಂದು ಮನೆಯ ಹೂವು ಬಂತೆಂದು ಇನ್ನೊಂದು ಮನೆಯದನ್ನು ಯಾರೂ ಚರಂಡಿಗೆ ಎಸೆಯುವುದಿಲ್ಲ. ಎಸೆದು, ಯಶಸ್ವಿಯಾಗಿ ಸೇರಿದೆ ಎಂದು ಹಸಿರು ಅಕ್ಷರದಲ್ಲಿ ಬರೆದು ಕೊಡುವುದಂತೂ ಇಲ್ಲವೇ ಇಲ್ಲ.

ಈಗ ನನ್ನ ನಿಜವಾದ ದೂರಿಗೆ ಬರುತ್ತೇನೆ. ಮೆಲಿಷಾಳ ಮಾತು ಕೇಳಿದ ಮೇಲೆ ನನಗೆ ಸಂತೋಷವಾಗಬೇಕಿತ್ತು. ಗೆದ್ದದ್ದು ನನ್ನ ಗಿಡ ತಾನೇ. ಊರಿಗೆ ಬಂದು ಹಾಗೆಂದು ಹೇಳಿದೆ ಕೂಡ. ಆದರೆ ಅಪೊಲೋನಿಯಾಬಾಯಿ ಈಗ ಬೇರೆಯೇ ರಾಗ ತೆಗೆದಿದ್ದಾರೆ. “ನನ್ನ ಫೋಟೋವನ್ನು ಅವರು ನೋಡಲೇ ಇಲ್ಲವಲ್ಲ, ನೋಡಿದ್ದರೆ ಸಿಸಿಲಿಯಾಳದ್ದು ಎಲ್ಲಿ ಬರುತ್ತಿತ್ತು?” ಎಂದು ಇಗರ್ಜಿಯ ಮೆಟ್ಟಿಲಲ್ಲಿ, ಮೀನಿನವಳ ಬುಟ್ಟಿಯ ಮುಂದೆ, ಬೂಬನ ಸ್ಕೂಟರಿನ ಪಕ್ಕ ಹೇಳುತ್ತಿದ್ದಾರೆ. ಮೊದಲ ವಾರ ಹೇಳುವಾಗ ಅವರ ಗಿಡದಲ್ಲಿ ನನ್ನದಕ್ಕಿಂತ ಸ್ವಲ್ಪ ಹೆಚ್ಚು ಹೂವಿತ್ತು. ಈಗ ಎಲೆಯೇ ಕಾಣುತ್ತಿರಲಿಲ್ಲವಂತೆ. ಅಳಿಸಿಹೋದ ಆ ಫೋಟೋ ದಿನದಿಂದ ದಿನಕ್ಕೆ ಚೆಂದವಾಗುತ್ತಿದೆ. ಅದರ ಎದುರು ನಾನು ಯಾವ ಗಿಡ ತಂದು ನಿಲ್ಲಿಸಲಿ?

ಹೋಗಲಿ, ಇನ್ನೊಂದು ಫೋಟೋ ತೆಗೆದು ತೋರಿಸಿ ಎನ್ನೋಣವೆಂದರೆ ಆ ಗಿಡವೇ ಇಲ್ಲ. ಫೋಟೋ ತೆಗೆದ ಮೇಲಿನ ಮಳೆಗಾಲದಲ್ಲೇ ಬೇರು ಕೊಳೆತು ಸತ್ತಿತು. ಅವರ ಮೊಬೈಲಿನಲ್ಲಿದೆಯೇ ಎಂದರೆ, ಕಡತ ಸೇರಿದೆ ಎಂದು ನೀವು ಹೇಳಿದ ಮೇಲೆ ತಮ್ಮ ಬಳಿ ಯಾಕೆಂದು ಅಳಿಸಿದ್ದಾರೆ. ಪ್ರಣೀತಾ ಗಿರಾಕಿಗಳ ಕಡತವನ್ನು ಅಂದಂದೇ ತೆಗೆದುಹಾಕುವವಳು. ಮೊನ್ನೆ ಗೋಡೆಯ ಆಚೆ ಅಪೊಲೋನಿಯಾಬಾಯಿ ಆ ಖಾಲಿ ಗುಂಡಿಯ ಹತ್ತಿರ ನಿಂತಿದ್ದರು. ನಾನು ಕಂಡದ್ದು ಗೊತ್ತಾಗಿ ಕಣ್ಣು ಒರೆಸಿಕೊಂಡರು. “ಅದು ನನ್ನ ಅತ್ತೆ ನೆಟ್ಟ ಗಿಡ ಸಿಸಿಲ್,” ಎಂದರು. “ಅದು ಅರಳಿದ್ದನ್ನು ನಾನು ಆ ಒಂದು ದಿನವೇ ನೋಡಿದ್ದು.” ನನಗೂ ಅಳು ಬಂತು. ಅಳುತ್ತಲೇ ಯೋಚಿಸಿದೆ, ನಿಜಕ್ಕೂ ನನ್ನದಕ್ಕಿಂತ ಚೆಂದ ಇದ್ದಿರಬಹುದೇ ಎಂದು.

ಆದ್ದರಿಂದ ನಿಮ್ಮ ಬಹುಮಾನ ನನಗೆ ಬೇಡ, ಫೋಟೋದ ಕೆಳಗಿನ ಹೆಸರನ್ನೂ ಬದಲಿಸಬೇಡಿ. ಕಳ್ಳಿ ಎಂದದ್ದನ್ನು ಮಾತ್ರ ಲಿಖಿತವಾಗಿ ಹಿಂದೆ ತೆಗೆದುಕೊಳ್ಳಿ, ಬರುವ ವರ್ಷ ಪ್ರತಿ ಕಡತಕ್ಕೂ ಬೇರೆ ಗುರುತು ಕೊಡಿ. ಎಲ್ಲಕ್ಕಿಂತ ಮೊದಲು ಅಪೊಲೋನಿಯಾಬಾಯಿಯ ಫೋಟೋ ಹುಡುಕಿ. ದೊಡ್ಡ ಕಚೇರಿಗಳಲ್ಲಿ ಹಳೆಯ ಪ್ರತಿಯನ್ನು ಬೇರೆ ಕಡೆ ತೆಗೆದಿಟ್ಟಿರುವುದುಂಟು ಎಂದು ಮೆಲಿಷಾ ಹೇಳುತ್ತಾಳೆ. ನೀವೂ ಇಟ್ಟಿದ್ದರೆ, ಇಟ್ಟದ್ದು ನಿಮಗೆ ಗೊತ್ತಿದ್ದರೆ, ತೆಗೆದುಕೊಡಿ. ಸಿಕ್ಕಿದರೆ ನನಗೆ ಕಳುಹಿಸಬೇಡಿ, ನೇರ ಅವರಿಗೆ ಕೊಡಿ. ಅವರು ಅದನ್ನು ನೋಡುವಾಗ ನಾನು ಗೋಡೆಯ ಈಚೆ ನಿಂತಿರುತ್ತೇನೆ. ಯಾರ ಗಿಡ ಚೆಂದವಿತ್ತು ಎಂಬುದು ಅವರ ಮುಖ ನೋಡಿದರೆ ನನಗೆ ತಿಳಿಯುತ್ತದೆ.

ಇಂತಿ,
ಸ್ವಂತ ಗಿಡವನ್ನೇ ಕದ್ದ ಆರೋಪ ಹೊತ್ತು, ಗೆದ್ದೆನೋ ಸೋತೆನೋ ತಿಳಿಯದೆ ಗೋಡೆಯ ಬಳಿ ಕಾಯುತ್ತಿರುವ
ಸಿಸಿಲಿಯಾ